'ಸ್ಟಾಪ್ ಟು ಸೆಂಡ್' ಮತ್ತು 'ಸ್ಟಾಪ್ ಸೆಂಡಿಂಗ್': ಇಂಗ್ಲಿಷ್‌ನಲ್ಲಿ 'ಟು' ಎಲ್ಲಿ ಬರುತ್ತದೆ, ಕ್ರಿಯಾವಿಶೇಷಣ ಎಲ್ಲಿ ಕೂರುತ್ತದೆ?

ಅರ್ಧವಿರಾಮ (ಪ್ರಶ್ನೆ)

ಕಳೆದ ವಾರ ಕಚೇರಿಯ ಮೇಲ್ ಒಂದರಲ್ಲಿ ನಾನು 'ವಿ ಹ್ಯಾವ್ ಸ್ಟಾಪ್ಡ್ ಟು ಸೆಂಡ್ ದ ವೀಕ್ಲಿ ರಿಪೋರ್ಟ್' ಎಂದು ಬರೆದೆ. ವಾರದ ವರದಿ ಕಳುಹಿಸುವುದನ್ನು ನಿಲ್ಲಿಸಿದ್ದೇವೆ ಎಂದು ತಿಳಿಸುವುದಷ್ಟೇ ನನ್ನ ಉದ್ದೇಶವಾಗಿತ್ತು. ಅರ್ಧ ಗಂಟೆಯೊಳಗೆ ಉತ್ತರ ಬಂತು: ವರದಿ ಎಷ್ಟು ಹೊತ್ತಿಗೆ ಕೈಸೇರಬಹುದು, ಅದಕ್ಕಾಗಿ ಯಾವ ಕೆಲಸವನ್ನು ನಿಲ್ಲಿಸಿದ್ದೀರಿ? ವರದಿ ಕಳುಹಿಸುವ ಸಲುವಾಗಿ ಉಳಿದ ಕೆಲಸವನ್ನೆಲ್ಲ ಬದಿಗಿಟ್ಟಿದ್ದೇವೆ ಎಂದು ಅವರು ಓದಿಕೊಂಡಿದ್ದರು. ನಾನು ಹೇಳಬೇಕೆಂದಿದ್ದಕ್ಕೆ ಅದು ಪೂರಾ ತಿರುವುಮುರುವು.

ಶಾಲೆಯಲ್ಲಿ ನಮಗೆ ಎರಡು ಪಟ್ಟಿಗಳನ್ನು ಬಾಯಿಪಾಠ ಮಾಡಿಸಿದ್ದರು. ಎಂಜಾಯ್, ಅವಾಯ್ಡ್, ಫಿನಿಶ್ ಮುಂತಾದವುಗಳ ನಂತರ 'ಇಂಗ್' ರೂಪ. ವಾಂಟ್, ಹೋಪ್, ಡಿಸೈಡ್ ಮುಂತಾದವುಗಳ ನಂತರ 'ಟು' ಸೇರಿದ ಇನ್ಫಿನಿಟಿವ್, ಅಂದರೆ ಕ್ರಿಯಾಪದದ ಮೂಲರೂಪ. ಸ್ಟಾಪ್ ಎರಡೂ ಪಟ್ಟಿಗಳಲ್ಲಿ ಇತ್ತು. ಇದ್ದದ್ದೇಕೆ ಎಂದು ಯಾರೂ ಹೇಳಲಿಲ್ಲ. ಇದರ ಹಿಂದೆ ತರ್ಕವೊಂದು ಇದೆಯೇ, ಅಥವಾ ಪಟ್ಟಿಯೇ ಗತಿಯೇ? ಇನ್ನೊಂದು ಮಾತು: 'ಐ ಸ್ಪೀಕ್ ವೆಲ್ ಇಂಗ್ಲಿಷ್' ಎಂದು ಬರೆದದ್ದನ್ನೂ ಹಿಂದೊಮ್ಮೆ ಒಬ್ಬರು ತಿದ್ದಿದ್ದರು. ಕ್ರಿಯಾವಿಶೇಷಣವನ್ನು ಎಲ್ಲಿಡಬೇಕು ಎಂಬುದನ್ನೂ ಬಲ್ಲವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಹಳೆಯ ಮೇಷ್ಟ್ರು

ನಿಮ್ಮ ಪ್ರಶ್ನೆಯೊಳಗೆ ಉತ್ತರವೂ ಇದೆ, ಏಕೆಂದರೆ ಅದನ್ನು ನೀವು ಕನ್ನಡದಲ್ಲಿ ಹೇಳುವಾಗ ತಪ್ಪು ಮಾಡಲಿಲ್ಲ. 'ಕಳುಹಿಸುವುದನ್ನು ನಿಲ್ಲಿಸಿದ್ದೇವೆ' ಎಂದಿರಿ. 'ಮಾತನಾಡಲು ನಿಂತೆವು' ಎಂಬುದು ಬೇರೆ ಮಾತು ಎಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮಲ್ಲಿ ಇವೆರಡಕ್ಕೂ ಬೇರೆ ಬೇರೆ ಕ್ರಿಯಾಪದಗಳೇ ಇವೆ. 'ನಿಲ್ಲಿಸು' ಸಕರ್ಮಕ, ಏನನ್ನು ನಿಲ್ಲಿಸಿದೆ ಎಂಬ ಪ್ರಶ್ನೆಗೆ ಉತ್ತರ ಬೇಕು, ಅದು ದ್ವಿತೀಯಾ ವಿಭಕ್ತಿಯಲ್ಲಿ ಬರುತ್ತದೆ. 'ನಿಲ್ಲು' ಅಕರ್ಮಕ; ಅದರ ಜೊತೆಗೆ ಬರುವ 'ಮಾತನಾಡಲು' ನಿಂತ ಉದ್ದೇಶವನ್ನು ಹೇಳುತ್ತದೆಯೇ ಹೊರತು ನಿಂತುಹೋದ ಕೆಲಸವನ್ನಲ್ಲ. ಇಂಗ್ಲಿಷ್ ಈ ಎರಡಕ್ಕೂ ಸ್ಟಾಪ್ ಎಂಬ ಒಂದೇ ಪದವನ್ನು ಬಳಸುತ್ತದೆ, ಆದ್ದರಿಂದ ವ್ಯತ್ಯಾಸವನ್ನು ತೋರಿಸುವ ಹೊರೆಯೆಲ್ಲ ಮುಂದಿನ ಪದದ ರೂಪದ ಮೇಲೆ ಬೀಳುತ್ತದೆ. 'ಸ್ಟಾಪ್ಡ್ ಟಾಕಿಂಗ್' ಎಂದರೆ ಮಾತು ನಿಂತಿತು. 'ಸ್ಟಾಪ್ಡ್ ಟು ಟಾಕ್' ಎಂದರೆ ಕಾಲು ನಿಂತಿತು, ಮಾತು ಶುರುವಾಯಿತು.

ಹಾಗಾಗಿ ನನ್ನ ಸಲಹೆ ಇಷ್ಟು. ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ಬಾಯಿಗೆ 'ಮಾಡುವುದನ್ನು' ಬಂದರೆ ಇಂಗ್ಲಿಷ್‌ನಲ್ಲಿ 'ಇಂಗ್' ಹಾಕಿ. 'ಮಾಡಲು' ಅಥವಾ 'ಮಾಡಲಿಕ್ಕೆ' ಬಂದರೆ 'ಟು' ಹಾಕಿ. ಹೋಗುವುದನ್ನು ತಪ್ಪಿಸಿದ, ಓದುವುದನ್ನು ಆನಂದಿಸಿದ: ಅವಾಯ್ಡೆಡ್ ಗೋಯಿಂಗ್, ಎಂಜಾಯ್ಡ್ ರೀಡಿಂಗ್. ಬರಲು ಒಪ್ಪಿದ, ಬರಲು ಬಯಸಿದ: ಅಗ್ರೀಡ್ ಟು ಕಮ್, ವಾಂಟೆಡ್ ಟು ಕಮ್. ನಿಮ್ಮ ಪಟ್ಟಿಯ ಬಹುಪಾಲು ಇದರಲ್ಲೇ ಮುಗಿಯುತ್ತದೆ.

ಇನ್ನೊಂದು ಜೋಡಿಯನ್ನು ಹೇಳದೆ ಇರಲಾರೆ. ಟ್ರೈ ಎಂಬುದಕ್ಕೆ ಎರಡು ರೂಪಗಳಿವೆ. 'ಟ್ರೈ ಟು ಓಪನ್ ದ ಡೋರ್' ಎಂದರೆ ಬಾಗಿಲು ತೆರೆಯಲು ಪ್ರಯತ್ನಿಸು. ತೆರೆಯುತ್ತದೋ ಇಲ್ಲವೋ ಗೊತ್ತಿಲ್ಲ. 'ಟ್ರೈ ಓಪನಿಂಗ್ ದ ಡೋರ್' ಎಂದರೆ ಬಾಗಿಲು ತೆರೆದು ನೋಡು. ತೆರೆಯುವುದು ಕಷ್ಟವಲ್ಲ, ತೆರೆದರೆ ಸೆಕೆ ಕಡಿಮೆಯಾಗುತ್ತದೆಯೇ ಎಂದು ನೋಡು. 'ಮಾಡಿ ನೋಡು' ಎಂಬ ನಮ್ಮ ದಿನಬಳಕೆಯ ಮಾತು 'ಟ್ರೈ ಡೂಯಿಂಗ್' ಎಂಬುದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಇಂಗ್ಲಿಷ್ ವ್ಯಾಕರಣದ ಪುಸ್ತಕ ಒಂದು ಪುಟ ವಿವರಿಸುವುದನ್ನು ಈ ಎರಡು ಪದ ಮುಗಿಸಿಬಿಡುತ್ತವೆ.

ಕರಡುತಿದ್ದುವವಳು

ಮೇಷ್ಟ್ರ ಮಾತು ಕೇಳಲು ಚೆಂದ, ಆದರೆ ಆ ಸೂತ್ರವನ್ನು ಹಾಗೆಯೇ ನಂಬಿದವರು ನಾಳೆಯೇ ಎಡವುತ್ತಾರೆ. ನಾನು ದಿನವೂ ಇತರರ ಇಂಗ್ಲಿಷ್ ಕರಡುಗಳನ್ನು ತಿದ್ದುತ್ತೇನೆ, ಅದರ ಅನುಭವದಿಂದ ಹೇಳುತ್ತಿದ್ದೇನೆ. 'ಬೀಗ ಹಾಕುವುದನ್ನು ಮರೆತೆ' ಎಂಬ ವಾಕ್ಯವನ್ನು ತೆಗೆದುಕೊಳ್ಳಿ. 'ಹಾಕುವುದನ್ನು' ಎಂದಿದೆ, ಆದ್ದರಿಂದ 'ಐ ಫರ್ಗಾಟ್ ಲಾಕಿಂಗ್ ದ ಡೋರ್' ಎಂದು ಬರೆದರೆ ಅದರ ಅರ್ಥ ಬೀಗ ಹಾಕಿದ್ದೆ, ಆದರೆ ಹಾಕಿದ ನೆನಪು ಹೋಯಿತು ಎಂದಾಗುತ್ತದೆ. ಬರೆಯಬೇಕಾದದ್ದು 'ಐ ಫರ್ಗಾಟ್ ಟು ಲಾಕ್ ದ ಡೋರ್'. ಹಾಗೆಯೇ 'ಈಜುವುದನ್ನು ಕಲಿತ' ಎನ್ನುವುದು ಸಹಜ ಕನ್ನಡ, ಇಂಗ್ಲಿಷ್‌ನಲ್ಲಿ 'ಲರ್ನ್ಡ್ ಟು ಸ್ವಿಮ್' ಎನ್ನಬೇಕು.

ತಿರುಗಿದ ದಿಕ್ಕಿನಲ್ಲೂ ತೊಂದರೆ ಇದೆ. 'ಅವರು ನನಗೆ ಹೋಗಲು ಸೂಚಿಸಿದರು' ಎಂಬುದರಿಂದ 'ದೇ ಸಜೆಸ್ಟೆಡ್ ಮಿ ಟು ಗೋ' ಹುಟ್ಟುತ್ತದೆ. ವಾರಕ್ಕೆ ಎರಡು ಬಾರಿಯಾದರೂ ನಾನು ಇದನ್ನು ಹೊಡೆದುಹಾಕುತ್ತೇನೆ. ಸಜೆಸ್ಟ್ ಎಂಬ ಕ್ರಿಯಾಪದ ಒಬ್ಬ ವ್ಯಕ್ತಿಯನ್ನು ಕರ್ಮವಾಗಿ ಇಟ್ಟುಕೊಂಡು ಆಮೇಲೆ 'ಟು' ತೆಗೆದುಕೊಳ್ಳುವುದಿಲ್ಲ. 'ಸಜೆಸ್ಟೆಡ್ ಗೋಯಿಂಗ್' ಎನ್ನಬಹುದು, 'ಸಜೆಸ್ಟೆಡ್ ದಟ್ ಐ ಗೋ' ಎನ್ನಬಹುದು. ಪಕ್ಕದ ಮನೆಯ ಅಡ್ವೈಸ್ ಮಾತ್ರ 'ಅಡ್ವೈಸ್ಡ್ ಮಿ ಟು ಗೋ' ಎಂಬುದನ್ನು ಧಾರಾಳವಾಗಿ ಒಪ್ಪುತ್ತದೆ. ಈ ಭೇದಕ್ಕೆ ಕನ್ನಡದಲ್ಲಿ ಯಾವ ಸುಳಿವೂ ಸಿಗುವುದಿಲ್ಲ.

ಹಳೆಯ ಮೇಷ್ಟ್ರು

ಮೇಡಂ, ಒಪ್ಪಿದೆ. ಆತುರದಲ್ಲಿ ಅರ್ಧ ಸೂತ್ರ ಕೊಟ್ಟೆ. ಆದರೆ ನೀವು ತಂದ 'ಮರೆತೆ' ಎಂಬ ಉದಾಹರಣೆಯೇ ಉಳಿದರ್ಧವನ್ನು ತೋರಿಸುತ್ತದೆ. 'ಹಾಕುವುದನ್ನು ಮರೆತೆ' ಎಂದಾಗ ಬೀಗ ಬಿದ್ದಿಲ್ಲ. 'ಹಾಕಿದ್ದನ್ನು ಮರೆತೆ' ಎಂದಾಗ ಬಿದ್ದಿದೆ. ಕನ್ನಡದ ಕೃದಂತ ಭಾವನಾಮಕ್ಕೆ ಕಾಲ ಉಂಟು: ಹಾಕುವುದು ಮತ್ತು ಹಾಕಿದ್ದು. ಇಂಗ್ಲಿಷ್‌ನ ಜೆರಂಡ್‌ಗೆ (ನಾಮಪದದಂತೆ ಬಳಸುವ 'ಇಂಗ್' ರೂಪಕ್ಕೆ) ಹಾಗೆ ಮೈಮೇಲೆ ಕಾಲ ಬರೆದಿರುವುದಿಲ್ಲ, ಆದ್ದರಿಂದ ಅದು ನೆನಪು ಮತ್ತು ಮರೆವಿನ ಕ್ರಿಯಾಪದಗಳಲ್ಲಿ ನಡೆದುಹೋದದ್ದಕ್ಕೆ 'ಇಂಗ್' ರೂಪವನ್ನೂ ಇನ್ನೂ ನಡೆಯಬೇಕಾದದ್ದಕ್ಕೆ 'ಟು' ರೂಪವನ್ನೂ ಹಂಚಿಕೊಟ್ಟಿದೆ. 'ರಿಮೆಂಬರ್ ಟು ಪೋಸ್ಟ್ ದ ಲೆಟರ್' ಎಂದರೆ ಪತ್ರವನ್ನು ಅಂಚೆಗೆ ಹಾಕುವುದನ್ನು ನೆನಪಿಟ್ಟುಕೋ. 'ಐ ರಿಮೆಂಬರ್ ಪೋಸ್ಟಿಂಗ್ ಇಟ್' ಎಂದರೆ ಹಾಕಿದ್ದು ನೆನಪಿದೆ. ರಿಗ್ರೆಟ್ ಕೂಡ ಇದೇ ದಾರಿ ಹಿಡಿದಿದೆ. 'ವಿ ರಿಗ್ರೆಟ್ ಟು ಇನ್ಫಾರ್ಮ್ ಯು' ಎಂದು ಶುರುವಾಗುವ ಪತ್ರದಲ್ಲಿ ಕೆಟ್ಟ ಸುದ್ದಿ ಮುಂದಿನ ಸಾಲಿನಲ್ಲಿದೆ. 'ಐ ರಿಗ್ರೆಟ್ ಸೇಯಿಂಗ್ ದಟ್' ಎನ್ನುವವರು ಆಗಲೇ ಆಡಿಬಿಟ್ಟಿದ್ದಾರೆ.

ಇದೇ ಜಾಡಿನಲ್ಲಿ ಇನ್ನೊಂದು: ಕನ್ನಡದ 'ನಿರಾಕರಿಸು' ಇಂಗ್ಲಿಷ್‌ನಲ್ಲಿ ರಿಫ್ಯೂಸ್ ಮತ್ತು ಡಿನೈ ಎಂದು ಒಡೆಯುತ್ತದೆ. 'ಹಣ ಕೊಡಲು ನಿರಾಕರಿಸಿದ' ಎಂಬಲ್ಲಿ ಕೊಡುವ ಕೆಲಸ ಮುಂದಿದೆ, ಅದು 'ರಿಫ್ಯೂಸ್ಡ್ ಟು ಪೇ'. 'ಹಣ ತೆಗೆದುಕೊಂಡದ್ದನ್ನು ನಿರಾಕರಿಸಿದ' ಎಂಬಲ್ಲಿ ಕೆಲಸ ಹಿಂದಿದೆ, ಅದು 'ಡಿನೈಡ್ ಟೇಕಿಂಗ್'.

ಕರಡುತಿದ್ದುವವಳು

ಈಗ ಮಾತು ಗಟ್ಟಿಯಾಯಿತು. ಆದರೂ ಹಿಂದಿನದಕ್ಕೆ 'ಇಂಗ್', ಮುಂದಿನದಕ್ಕೆ 'ಟು' ಎಂದು ಗೋಡೆಯ ಮೇಲೆ ಬರೆದುಕೊಳ್ಳಬೇಡಿ. ಪೋಸ್ಟ್‌ಪೋನ್, ಕನ್ಸಿಡರ್, ರಿಸ್ಕ್, ಈ ಮೂರೂ ಮುಂದಿನ ಕೆಲಸದ ಮಾತೇ ಆಡುತ್ತವೆ, ಮೂರಕ್ಕೂ 'ಇಂಗ್' ಬೇಕು. ಬಿಗಿನ್ ಮತ್ತು ಸ್ಟಾರ್ಟ್ ಎರಡನ್ನೂ ಒಪ್ಪುತ್ತವೆ, ಅರ್ಥದಲ್ಲಿ ವ್ಯತ್ಯಾಸವೂ ಹೆಚ್ಚಿಲ್ಲ. ಆದರೆ ಬಿಗಿನ್ ಎಂಬುದೇ 'ಬಿಗಿನಿಂಗ್' ಆಗಿರುವಾಗ ಅದರ ಬೆನ್ನಿಗೆ ಇನ್ನೊಂದು 'ಇಂಗ್' ಕಟ್ಟುವುದನ್ನು ಇಂಗ್ಲಿಷ್ ಕಿವಿ ಸಹಿಸುವುದಿಲ್ಲ, 'ಇಟ್ ಈಸ್ ಬಿಗಿನಿಂಗ್ ಟು ರೇನ್' ಎನ್ನುತ್ತಾರೆ. ಇದು ವ್ಯಾಕರಣಕ್ಕಿಂತ ಕಿವಿಯ ಲೆಕ್ಕ. ಕೆಲವು ಸಂಗತಿಗಳನ್ನು ಪಟ್ಟಿಯಿಂದಲೇ ಕಲಿಯಬೇಕು ಎಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ.

ಹೊಸಬ

ನನಗೆ ಒಂದು ಸುಲಭ ಉಪಾಯ ಹೊಳೆಯಿತು. 'ಟು' ಬಂದಮೇಲೆ ಯಾವಾಗಲೂ ಕ್ರಿಯಾಪದದ ಮೂಲರೂಪ ಬರುತ್ತದೆ ಎಂದು ಇಟ್ಟುಕೊಂಡರೆ ಸಾಕಲ್ಲವೇ? 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಎಂದು ನಾನು ಎಲ್ಲ ಪತ್ರಗಳಲ್ಲೂ ಹಾಗೆಯೇ ಬರೆಯುತ್ತೇನೆ.

ಕರಡುತಿದ್ದುವವಳು

ಅದೇ ತಪ್ಪು. ಆ 'ಟು' ಇನ್ಫಿನಿಟಿವ್‌ನ ಗುರುತಲ್ಲ, ಅದೊಂದು ಪ್ರಿಪೊಸಿಷನ್, ಅಂದರೆ ನಾಮಪದಕ್ಕೆ ಮೊದಲು ಬಂದು ಸಂಬಂಧ ತೋರಿಸುವ ಪದ. ಪರೀಕ್ಷೆ ಸರಳವಾಗಿದೆ: 'ಟು' ಆದಮೇಲೆ ಒಂದು ನಾಮಪದವನ್ನು ಇಟ್ಟು ನೋಡಿ. 'ಲುಕ್ ಫಾರ್ವರ್ಡ್ ಟು ದ ಮೀಟಿಂಗ್' ಎಂದು ಹೇಳಬಹುದಾದರೆ ಕ್ರಿಯೆಯನ್ನೂ ನಾಮಪದದ ವೇಷದಲ್ಲೇ ಇಡಬೇಕು, ಅಂದರೆ 'ಟು ಮೀಟಿಂಗ್ ಯು'. 'ವಾಂಟ್ ಟು ದ ಮೀಟಿಂಗ್' ಎನ್ನಲಾಗುವುದಿಲ್ಲ, ಆದ್ದರಿಂದ ಅಲ್ಲಿ 'ವಾಂಟ್ ಟು ಮೀಟ್'. ಅಬ್ಜೆಕ್ಟ್ ಟು, ಕಮಿಟೆಡ್ ಟು ಕೂಡ ಹೀಗೆಯೇ. 'ಐ ಯೂಸ್ಡ್ ಟು ವಾಕ್' ಎಂದರೆ ಹಿಂದೆ ನಡೆಯುತ್ತಿದ್ದೆ, ಈಗಿಲ್ಲ. 'ಐ ಆಮ್ ಯೂಸ್ಡ್ ಟು ವಾಕಿಂಗ್' ಎಂದರೆ ನಡೆದು ರೂಢಿಯಾಗಿದೆ. ಒಂದು ಪುಟ್ಟ 'ಆಮ್' ಮತ್ತು ಒಂದು 'ಇಂಗ್' ಸೇರಿ ನಿಮ್ಮ ನಡಿಗೆಯನ್ನು ನಿಲ್ಲಿಸಲೂ ಬಲ್ಲವು, ಮುಂದುವರಿಸಲೂ ಬಲ್ಲವು.

ಪದಮೂಲ

'ಟು' ಎರಡು ಬಗೆಯದು ಎಂದರಲ್ಲ, ಮೂಲದಲ್ಲಿ ಅದು ಒಂದೇ. ಹಳೆಯ ಇಂಗ್ಲಿಷ್‌ನಲ್ಲಿ ಇನ್ಫಿನಿಟಿವ್‌ಗೆ 'ಟು' ಬೇಕಿರಲಿಲ್ಲ. 'ಸಿಂಗನ್' ಎಂಬಲ್ಲಿರುವ 'ಅನ್' ಪ್ರತ್ಯಯವೇ ಸಾಕಾಗಿತ್ತು. ಅದರ ಜೊತೆಗೆ, ಚತುರ್ಥಿ ವಿಭಕ್ತಿಯ ಛಾಯೆಯ ಇನ್ನೊಂದು ರೂಪವಿತ್ತು, 'ಟೊ ಸಿಂಗೆನ್ನೆ', ಅಂದರೆ ಹಾಡುವುದರ ಕಡೆಗೆ, ಹಾಡಲಿಕ್ಕೆ. ಅಲ್ಲಿನ 'ಟೊ' ದಿಕ್ಕನ್ನು ಹೇಳುವ ಪ್ರಿಪೊಸಿಷನ್ನೇ. ಕಾಲಕ್ರಮದಲ್ಲಿ ಕೊನೆಯ ಪ್ರತ್ಯಯಗಳು ಸವೆದುಹೋದವು, 'ಟು' ಉಳಿದು ಇನ್ಫಿನಿಟಿವ್‌ನ ಗುರುತಾಯಿತು. ನಮ್ಮ 'ನೋಡಲಿಕ್ಕೆ' ಎಂಬುದರ ಕೊನೆಯಲ್ಲಿ ಕುಳಿತಿರುವುದೂ 'ಊರಿಗೆ', 'ಮರಕ್ಕೆ' ಎಂಬಲ್ಲಿರುವ ಚತುರ್ಥಿಯೇ. ದಿಕ್ಕನ್ನು ಸೂಚಿಸುವ ಪ್ರತ್ಯಯ ಉದ್ದೇಶವನ್ನು ಸೂಚಿಸಲು ಬಂದ ದಾರಿ ಎರಡೂ ಭಾಷೆಗಳಲ್ಲಿ ಒಂದೇ ಬಗೆಯದು. ಕನ್ನಡದವರು ಈ 'ಕ್ಕೆ'ಯನ್ನು 'ಫಾರ್' ಎಂದು ಭಾಷಾಂತರಿಸಿ 'ಐ ಕೇಮ್ ಫಾರ್ ಸೀಯಿಂಗ್ ಯು' ಎಂದುಬಿಡುತ್ತಾರೆ. ಅಲ್ಲಿ ಬೇಕಾದದ್ದು 'ಟು ಸೀ' ಮಾತ್ರ.

ಕ್ಯಾನ್, ಮೇ, ಮಸ್ಟ್, ಶಲ್, ವಿಲ್ ಎಂಬ ಸಹಾಯಕ ಕ್ರಿಯಾಪದಗಳ ಮುಂದೆ 'ಟು' ಬಾರದಿರುವುದು ಆ ಹಳೆಯ ಕಾಲದ ಉಳಿಕೆ. ಅವು ಬರಿಯ ಇನ್ಫಿನಿಟಿವ್‌ನ ಜೊತೆಗೆ ಆಗಲೇ ನಂಟು ಬೆಳೆಸಿದ್ದವು, ಅದನ್ನು ಬಿಡಲಿಲ್ಲ. ಕನ್ನಡದಲ್ಲೂ ಇಂಥದೇ ಒಂದು ಉಳಿಕೆ ಇದೆ, ನಾವು ಗಮನಿಸುವುದಿಲ್ಲ ಅಷ್ಟೇ. 'ಮಾಡಬಹುದು', 'ಮಾಡಬೇಕು', 'ಮಾಡಬಾರದು' ಎಂಬ ಪದಗಳನ್ನು ಬಿಡಿಸಿದರೆ ಮೊದಲಿಗೆ ಸಿಗುವುದು 'ಮಾಡ' ಎಂಬ ಅಕಾರಾಂತ ರೂಪ. 'ಮಾಡಲು ಬಹುದು' ಎಂದು ಯಾರೂ ಹೇಳುವುದಿಲ್ಲ. 'ಕ್ಯಾನ್ ಟು ಡು' ಎಂಬುದು ಇಂಗ್ಲಿಷ್ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ತಿಳಿಯಬೇಕಾದರೆ 'ಮಾಡಲು ಬಹುದು' ಎಂದು ಒಮ್ಮೆ ಜೋರಾಗಿ ಹೇಳಿಕೊಳ್ಳಿ.

ಲೆಟ್ ಮತ್ತು ಮೇಕ್ ಕೂಡ ಬರಿಯ ರೂಪವನ್ನೇ ಬಯಸುತ್ತವೆ. 'ಲೆಟ್ ಹಿಮ್ ಗೋ' ಎಂಬುದರ ಪಕ್ಕದಲ್ಲಿ 'ಹೋಗಗೊಡು' ಎಂಬುದನ್ನು ಇಟ್ಟು ನೋಡಿ, ಅಲ್ಲೂ ಅದೇ ಅಕಾರಾಂತ ರೂಪ. ಮೇಕ್ ವಿಷಯದಲ್ಲಿ ಒಂದು ವಿಚಿತ್ರವಿದೆ: 'ದೇ ಮೇಡ್ ಹಿಮ್ ವೇಟ್' ಎಂಬುದು ಕರ್ಮಣಿ ಪ್ರಯೋಗಕ್ಕೆ ತಿರುಗಿದ ಕೂಡಲೇ ಬಿಟ್ಟುಹೋಗಿದ್ದ 'ಟು' ಮರಳಿ ಬರುತ್ತದೆ, 'ಹಿ ವಾಸ್ ಮೇಡ್ ಟು ವೇಟ್'. ಹೆಲ್ಪ್ ಎರಡಕ್ಕೂ ಒಗ್ಗುತ್ತದೆ. ಸೀ ಎಂಬುದರ ನಂತರ ಬರಿಯ ರೂಪವೂ ಬರಬಹುದು, 'ಇಂಗ್' ರೂಪವೂ ಬರಬಹುದು. 'ಐ ಸಾ ಹಿಮ್ ಕ್ರಾಸ್ ದ ರೋಡ್' ಎಂದರೆ ಅವನು ರಸ್ತೆ ದಾಟಿದ್ದನ್ನು ನೋಡಿದೆ, 'ಕ್ರಾಸಿಂಗ್' ಎಂದರೆ ದಾಟುತ್ತಿದ್ದುದನ್ನು ನೋಡಿದೆ. ಆ ಕಡೆಯ ದಡ ಸೇರಿದನೇ ಎಂಬುದಕ್ಕೆ ಎರಡನೆಯ ವಾಕ್ಯ ಸಾಕ್ಷಿ ಹೇಳುವುದಿಲ್ಲ.

ಅರ್ಧವಿರಾಮ

ಎಲ್ಲರಿಗೂ ವಂದನೆಗಳು. 'ತೆರೆದು ನೋಡು' ಎಂಬುದು ಇನ್ನು ಮರೆಯುವಂತಿಲ್ಲ. ಕ್ರಿಯಾವಿಶೇಷಣದ ಪ್ರಶ್ನೆ ಹಾಗೆಯೇ ಉಳಿದಿದೆ.

ಕರಡುತಿದ್ದುವವಳು

ಅದನ್ನು ನಾನು ಎತ್ತಿಕೊಳ್ಳುತ್ತೇನೆ. 'ನಾನು ಇಂಗ್ಲಿಷ್ ಚೆನ್ನಾಗಿ ಮಾತನಾಡುತ್ತೇನೆ' ಎಂಬಲ್ಲಿ ಕ್ರಿಯಾಪದ ಕೊನೆಗಿದೆ, 'ಚೆನ್ನಾಗಿ' ಅದಕ್ಕೆ ಒತ್ತಿಕೊಂಡು ಕೂತಿದೆ. ಹಾಗಾಗಿ ಕ್ರಿಯಾವಿಶೇಷಣವೆಂದರೆ ಕ್ರಿಯಾಪದದ ಮಗ್ಗುಲಲ್ಲೇ ಇರಬೇಕಾದದ್ದು ಎಂದು ನಮಗೆ ಅನ್ನಿಸುತ್ತದೆ, ಸ್ಪೀಕ್ ಎಂದ ಕೂಡಲೇ ವೆಲ್ ಎಂದುಬಿಡುತ್ತೇವೆ. ಇಂಗ್ಲಿಷ್‌ನಲ್ಲಿ ಕ್ರಿಯಾಪದ ಮತ್ತು ಅದರ ಕರ್ಮದ ನಡುವೆ ಮೂರನೆಯವರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ: 'ಐ ಸ್ಪೀಕ್ ಇಂಗ್ಲಿಷ್ ವೆಲ್', 'ಐ ಲೈಕ್ ಇಟ್ ವೆರಿ ಮಚ್'. ಕರ್ಮ ತೀರಾ ಉದ್ದವಾದಾಗ ಮಾತ್ರ ಈ ಬಾಗಿಲು ಸ್ವಲ್ಪ ತೆರೆಯುತ್ತದೆ. 'ಶಿ ಎಕ್ಸ್‌ಪ್ಲೇನ್ಡ್ ಕ್ಲಿಯರ್ಲಿ ವೈ ದ ರಿಪೋರ್ಟ್ ಹ್ಯಾಡ್ ಬೀನ್ ಡಿಲೇಡ್' ಎಂಬಲ್ಲಿ ಕ್ಲಿಯರ್ಲಿಯನ್ನು ಕೊನೆಗೆ ತಳ್ಳಿದರೆ ಸ್ಪಷ್ಟವಾದದ್ದು ವಿವರಣೆಯೋ ವಿಳಂಬವೋ ಎಂದು ಓದುಗರು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಆಲ್ವೇಸ್, ಆಫನ್, ನೆವರ್ ಮುಂತಾದವು ಮುಖ್ಯ ಕ್ರಿಯಾಪದಕ್ಕಿಂತ ಮೊದಲು, ಆದರೆ 'ಆಮ್', 'ಈಸ್' ಇದ್ದರೆ ಅದರ ನಂತರ, ಸಹಾಯಕ ಕ್ರಿಯಾಪದ ಇದ್ದರೆ ಮೊದಲನೆಯದರ ನಂತರ ಬರುತ್ತವೆ: 'ಐ ಆಲ್ವೇಸ್ ಕಮ್ ಲೇಟ್', 'ಐ ಆಮ್ ಆಲ್ವೇಸ್ ಲೇಟ್', 'ಐ ಹ್ಯಾವ್ ಆಲ್ವೇಸ್ ಕಮ್ ಲೇಟ್'. ಸಹಾಯಕ ಮತ್ತು ಮುಖ್ಯ ಕ್ರಿಯಾಪದಗಳ ನಡುವಿನ ಈ ಜಾಗ ಕ್ರಿಯಾವಿಶೇಷಣದ ಸ್ವಂತ ಮನೆ. ಅದು ಎಷ್ಟು ಸ್ವಂತದ್ದು ಎಂಬುದಕ್ಕೆ ಅಮೆರಿಕದ ಅಧ್ಯಕ್ಷರ ಪ್ರಮಾಣವಚನವೇ ಸಾಕ್ಷಿ. ಅಲ್ಲಿನ ಸಂವಿಧಾನದಲ್ಲಿರುವ ಪಾಠ 'ಐ ವಿಲ್ ಫೇತ್‌ಫುಲ್ಲಿ ಎಕ್ಸಿಕ್ಯೂಟ್' ಎಂದಿದೆ. 2009ರ ಜನವರಿ 20ರಂದು ಬರಾಕ್ ಒಬಾಮಾ ಅವರಿಗೆ ಪ್ರಮಾಣವಚನ ಬೋಧಿಸುವಾಗ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರ ಬಾಯಲ್ಲಿ ಆ 'ಫೇತ್‌ಫುಲ್ಲಿ' ವಾಕ್ಯದ ತುದಿಗೆ ಸರಿದುಹೋಯಿತು. ಒಬಾಮಾ ಒಂದು ಕ್ಷಣ ತಡೆದರು. ಕೊನೆಗೆ ಮುನ್ನೆಚ್ಚರಿಕೆಯಾಗಿ ಮರುದಿನ ಶ್ವೇತಭವನದಲ್ಲಿ ಇಡೀ ವಚನವನ್ನು ಮತ್ತೊಮ್ಮೆ ಬೋಧಿಸಲಾಯಿತು. ಒಂದೇ ಒಂದು ಕ್ರಿಯಾವಿಶೇಷಣದ ಜಾಗ ತಪ್ಪಿದ್ದಕ್ಕೆ ಆದ ಖರ್ಚು ಇದು.

ಹೊಸಬ

ಹಾಗಾದರೆ 'ಟು' ಮತ್ತು ಕ್ರಿಯಾಪದದ ನಡುವೆ ಕ್ರಿಯಾವಿಶೇಷಣ ಇಡಬಾರದು ಎಂದು ನಮಗೆ ಹೇಳಿಕೊಟ್ಟದ್ದು ಸರಿಯೇ?

ಹಳೆಯ ಮೇಷ್ಟ್ರು

ಹೇಳಿಕೊಟ್ಟವರಲ್ಲಿ ನಾನೂ ಒಬ್ಬ, ಆದ್ದರಿಂದ ಪ್ರಾಯಶ್ಚಿತ್ತ ನಾನೇ ಮಾಡಿಕೊಳ್ಳಬೇಕು. ಈ ನಿಷೇಧ 19ನೆಯ ಶತಮಾನದ್ದು. 1864ರಲ್ಲಿ ಕ್ಯಾಂಟರ್‌ಬರಿಯ ಡೀನ್ ಆಗಿದ್ದ ಹೆನ್ರಿ ಆಲ್ಫರ್ಡ್, ಇಂಗ್ಲಿಷ್ ಬಲ್ಲವರಲ್ಲಿ ಇಂತಹ ರೂಢಿಯೇ ಇಲ್ಲವೆಂದು ವಾದಿಸಿ, 'ಟು' ಮತ್ತು ಕ್ರಿಯಾಪದದ ನಡುವೆ ಕ್ರಿಯಾವಿಶೇಷಣ ಇಡುವುದನ್ನು ಆಕ್ಷೇಪಿಸಿದರು. ವಾಸ್ತವದಲ್ಲಿ 14ನೆಯ ಶತಮಾನದ ಬರಹಗಳಲ್ಲೇ ಆ ರೂಢಿ ಕಾಣಸಿಗುತ್ತದೆ. 1926ರ ಹೊತ್ತಿಗೆ ಇಂಗ್ಲಿಷ್ ಬಳಕೆಯ ಕೈಪಿಡಿ ಬರೆದ ಹೆನ್ರಿ ಫೌಲರ್, ಅರ್ಥ ಕಲಸಿಹೋಗುವುದಕ್ಕಿಂತ ಅಥವಾ ವಾಕ್ಯ ಕೃತಕವಾಗುವುದಕ್ಕಿಂತ ಹೀಗೆ ನಡುವೆ ಪದ ಸೇರಿಸಿ ಒಡೆದ ಇನ್ಫಿನಿಟಿವ್ ಮೇಲು ಎಂದು ಬರೆದರು. ಅಷ್ಟಾದರೂ ತರಗತಿಗಳಲ್ಲಿ ನಿಷೇಧ ಉಳಿದುಕೊಂಡಿತು, ಏಕೆಂದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಲು ಅದಕ್ಕಿಂತ ಸುಲಭವಾದ ತಪ್ಪು ಬೇರೊಂದಿಲ್ಲ. ತಮಾಷೆಯೆಂದರೆ, ಅದನ್ನು ಪಾಲಿಸುತ್ತೇವೆ ಎನ್ನುವವರೇ 'ವಿ ರಿಕ್ವೆಸ್ಟ್ ಯು ಟು ಕೈಂಡ್ಲಿ ರಿಪ್ಲೈ' ಎಂದು ದಿನಕ್ಕೆ ಹತ್ತು ಸಲ ಬರೆಯುತ್ತಾರೆ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. 'ಶಿ ಕ್ವೈಟ್ಲಿ ಟೋಲ್ಡ್ ದೆಮ್ ಟು ಲೀವ್': ಮೆಲುದನಿ ಅವಳದು. 'ಶಿ ಟೋಲ್ಡ್ ದೆಮ್ ಟು ಲೀವ್ ಕ್ವೈಟ್ಲಿ': ಸದ್ದು ಮಾಡದೆ ಹೋಗಬೇಕಾದವರು ಅವರು. ಒಡೆಯಬಾರದು ಎಂಬ ಹಟಕ್ಕೆ ಬಿದ್ದು 'ಶಿ ಟೋಲ್ಡ್ ದೆಮ್ ಕ್ವೈಟ್ಲಿ ಟು ಲೀವ್' ಎಂದು ಬರೆದರೆ 'ಕ್ವೈಟ್ಲಿ' ಎರಡು ಕ್ರಿಯೆಗಳ ನಡುವೆ ತ್ರಿಶಂಕುವಾಗುತ್ತದೆ. 'ಟು ಕ್ವೈಟ್ಲಿ ಲೀವ್' ಎಂದು ಒಡೆದರೆ ಸಂದೇಹವೇ ಉಳಿಯುವುದಿಲ್ಲ. ನಮ್ಮಲ್ಲೂ ಈ ಕಷ್ಟ ಇಲ್ಲದಿಲ್ಲ: 'ಅವರು ತಕ್ಷಣ ಹೊರಡಲು ನಿರ್ಧರಿಸಿದರು' ಎಂಬಲ್ಲಿ ತಕ್ಷಣ ಆದದ್ದು ನಿರ್ಧಾರವೋ ಹೊರಡುವಿಕೆಯೋ ಎಂದು ಕೇಳಿದರೆ ಬರೆದವರನ್ನೇ ಕರೆಸಬೇಕು. 'ಹೊರಡಲು ತಕ್ಷಣ ನಿರ್ಧರಿಸಿದರು' ಎಂದು ಜಾಗ ಬದಲಿಸಿ ಕನ್ನಡ ಬಚಾವಾಗುತ್ತದೆ. ಇಂಗ್ಲಿಷ್ ಬಚಾವಾಗಲು ಇರುವ ದಾರಿಗಳಲ್ಲಿ ಒಡೆಯುವುದೂ ಒಂದು.

ಪದಮೂಲ

ಇನ್ಫಿನಿಟಿವ್‌ನ ಕರ್ತೃ ಯಾರು ಎಂಬ ಸಂಗತಿಯನ್ನೂ ಸೇರಿಸಬೇಕು. 'ಜಾನ್ ಈಸ್ ಈಗರ್ ಟು ಪ್ಲೀಸ್' ಮತ್ತು 'ಜಾನ್ ಈಸ್ ಈಸಿ ಟು ಪ್ಲೀಸ್' ಎಂಬ ಜೋಡಿಯನ್ನು 1960ರ ದಶಕದಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ ಪ್ರಸಿದ್ಧಗೊಳಿಸಿದರು. ನೋಡಲು ಅವಳಿಗಳು, ಆದರೆ ಮೊದಲನೆಯದರಲ್ಲಿ ಜಾನ್ ಇತರರನ್ನು ಮೆಚ್ಚಿಸಲು ಹಾತೊರೆಯುತ್ತಾನೆ, ಎರಡನೆಯದರಲ್ಲಿ ಜಾನ್‌ನನ್ನು ಮೆಚ್ಚಿಸುವುದು ಸುಲಭ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಗುಟ್ಟನ್ನು ಕೂಡಲೇ ಬಿಟ್ಟುಕೊಡುತ್ತದೆ. ಇಂಗ್ಲಿಷ್‌ನಲ್ಲಿ ಆ ಗುಟ್ಟು 'ಈಗರ್', 'ಈಸಿ' ಎಂಬ ವಿಶೇಷಣಗಳ ಒಳಗಿದೆ.

ಅರ್ಧವಿರಾಮ

ಮೇಲ್ ತಿದ್ದಿ ಕಳುಹಿಸಿದೆ: 'ವಿ ಹ್ಯಾವ್ ಸ್ಟಾಪ್ಡ್ ಸೆಂಡಿಂಗ್ ದ ವೀಕ್ಲಿ ರಿಪೋರ್ಟ್'. ಈ ಬಾರಿ ಗೊಂದಲವಾಗಲಿಲ್ಲ. ಆದರೆ ಬಂದ ಉತ್ತರದಲ್ಲಿ 'ದ ಮಂತ್ಲಿ ರಿಪೋರ್ಟ್ ನೀಡ್ಸ್ ಚೆಕಿಂಗ್' ಎಂದಿದೆ. ವರದಿ ಏನನ್ನು ಪರಿಶೀಲಿಸಬೇಕಂತೆ?

ಕರಡುತಿದ್ದುವವಳು

ವರದಿ ಏನನ್ನೂ ಪರಿಶೀಲಿಸಬೇಕಾಗಿಲ್ಲ, ವರದಿಯನ್ನು ಪರಿಶೀಲಿಸಬೇಕಾಗಿದೆ. ನೀಡ್ ಎಂಬುದಕ್ಕೆ ವಸ್ತುವೊಂದು ಕರ್ತೃವಾಗಿದ್ದಾಗ ಬರುವ 'ಇಂಗ್' ರೂಪ ಕರ್ಮಣಿಯ ಅರ್ಥ ಕೊಡುತ್ತದೆ. 'ನೀಡ್ಸ್ ಟು ಬಿ ಚೆಕ್ಡ್' ಎಂದರೂ ಅದೇ. ಯಾರು ಪರಿಶೀಲಿಸಬೇಕು ಎಂಬುದನ್ನು ವಾಕ್ಯ ಹೇಳುವುದಿಲ್ಲ. ಆದರೆ ಮೇಲ್ ಬಂದಿರುವುದು ನಿಮಗೆ.